ಗೇಮ್‌ಗಳಲ್ಲಿ ಬೆಳಕಿನ ಒಗಟು ಬಿಡಿಸುವುದು ಹೇಗೆ?

ಮಧುಗಿರಿ ತಾಲ್ಲೂಕಿನ ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಗವಾಕ್ಷಿಯಿಂದ ಬಿಸಿಲುಕೋಲೊಂದು ಇಳಿಯುತ್ತಿತ್ತು. ಒಲೆಯ ಹೊಗೆ ತುಂಬಿದಾಗ ಅದು ಕೈಯಲ್ಲಿ ಹಿಡಿಯಬಹುದೇನೋ ಎನ್ನುವಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ಅದಕ್ಕೆ ಅಜ್ಜಿಯ ಕೈಗನ್ನಡಿ ಒಡ್ಡಿ, ಕತ್ತಲ ಮೂಲೆಯ ರಾಗಿ ವಾಡೆಯ ಮೇಲೆ ಬೆಳಕು ಬೀಳಿಸುವುದು ಮಕ್ಕಳಾದ ನಮ್ಮ ಆಟ. ಸಾಹಸ ವಿಡಿಯೊ ಗೇಮ್‌ಗಳಲ್ಲಿ ಬರುವ ಬೆಳಕಿನ ಒಗಟುಗಳ ಬೇರು ಇದೇ ಆಟದಲ್ಲಿದೆ. 1998ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರೀನಾ ಆಫ್ ಟೈಮ್’ನಲ್ಲಿ ನಾಯಕನು ಕನ್ನಡಿಯಂಥ ಗುರಾಣಿಯಿಂದ ದೇಗುಲದೊಳಗೆ ಬಿದ್ದ ಬಿಸಿಲನ್ನು ಗೋಡೆಯ ಸೂರ್ಯಮುಖಗಳತ್ತ ತಿರುಗಿಸಿ ದಾರಿ ತೆರೆಯುತ್ತಾನೆ.

ಈ ಬೇಸಿಗೆ ರಜೆಯಲ್ಲಿ ತುಮಕೂರಿನ ನಮ್ಮ ಮನೆಗೆ ಬಂದಿದ್ದ ಸೋದರಳಿಯ ಅಂಥದೇ ಒಂದು ಕೋಣೆಯಲ್ಲಿ ಸಿಕ್ಕಿಕೊಂಡು, ನಾಲ್ಕು ಕನ್ನಡಿಗಳನ್ನು ಮನಬಂದಂತೆ ತಿರುಗಿಸುತ್ತಿದ್ದ. ಪ್ರತಿ ಕನ್ನಡಿಗೂ ಎಂಟು ದಿಕ್ಕುಗಳಿದ್ದರೆ ಒಟ್ಟು ಜೋಡಣೆಗಳು 4,096. ಹೀಗೆ ಹುಡುಕಿದರೆ ರಜೆಯೇ ಮುಗಿದೀತು.

ಆದ್ದರಿಂದ ಮೊದಲು ಯಾವುದನ್ನೂ ಮುಟ್ಟದೆ ಕೋಣೆಯನ್ನು ಒಮ್ಮೆ ಸುತ್ತಿ, ಬೆಳಕಿನ ಮೂಲ ಎಲ್ಲಿದೆ, ಅದು ಸೇರಬೇಕಾದ ಗುರಿ ಎಲ್ಲಿದೆ, ಯಾವ ಕನ್ನಡಿ ಅಲುಗುತ್ತದೆ ಎಂಬುದನ್ನು ನೋಡಿಕೊಳ್ಳಿ. ನೆಲದ ಮೇಲೆ ಉಜ್ಜಿದ ಗೆರೆಗಳಿದ್ದರೆ ಆ ವಿಗ್ರಹವನ್ನು ಸರಿಸಬಹುದೆಂದು ವಿನ್ಯಾಸಕಾರರು ಸೂಚಿಸಿರುತ್ತಾರೆ.

ಎರಡನೆಯ ಹೆಜ್ಜೆಯಲ್ಲಿ ಒಂದೇ ಕನ್ನಡಿಯನ್ನು ಒಂದೇ ಸಲ ತಿರುಗಿಸಿ, ಕಿರಣ ಎಷ್ಟು ವಾಲಿತು ಎಂದು ಗಮನಿಸಿ. ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಪತನ ಕೋನವೂ ಪ್ರತಿಫಲನ ಕೋನವೂ ಸಮವಾಗಿರುವುದರಿಂದ, ನಿಜವಾದ ಕನ್ನಡಿಯನ್ನು 45 ಡಿಗ್ರಿ ತಿರುಗಿಸಿದರೆ ಹೊರಬರುವ ಕಿರಣ 90 ಡಿಗ್ರಿ ತಿರುಗುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು: ಮೂರು ಮೀಟರ್ ದೂರದ ಗೋಡೆಗೆ ಬೆಳಕು ಬಿಟ್ಟು ಕನ್ನಡಿಯನ್ನು ಬರೀ 5 ಡಿಗ್ರಿ ಅಲುಗಿಸಿದರೆ ಬೆಳಕಿನ ಚುಕ್ಕೆ ಹೆಚ್ಚುಕಡಿಮೆ ಅರ್ಧ ಮೀಟರ್ ಜರುಗುತ್ತದೆ. ಗೇಮ್ ಈ ನಿಯಮವನ್ನು ಪಾಲಿಸಿದರೆ ಲೆಕ್ಕ ಬಹಳ ಹಗುರ. ಒಂದೇ ಮುಖದ ಕನ್ನಡಿಯೊಂದು 45 ಡಿಗ್ರಿಯ ಎಂಟು ಹಂತಗಳಲ್ಲಿ ತಿರುಗುವುದಾದರೆ, ಅದರಲ್ಲೊಂದು ಹಂತ ಬರುವ ಕಿರಣಕ್ಕೆ ನೇರ ಎದುರಾಗಿದ್ದರೆ, ಕಿರಣವನ್ನು ಎಡಕ್ಕೋ ಬಲಕ್ಕೋ ಹೊರಳಿಸುವ ಎರಡು ಹಂತಗಳು ಮಾತ್ರ ಉಪಯುಕ್ತ. ಮಿಕ್ಕವು ಬೆಳಕನ್ನು ಬಂದ ದಾರಿಗೇ ಕಳಿಸುತ್ತವೆ ಅಥವಾ ಅದಕ್ಕೆ ಅಂಚನ್ನೋ ಬೆನ್ನನ್ನೋ ಒಡ್ಡುತ್ತವೆ. ಅಂದರೆ 4,096 ಜೋಡಣೆಗಳು ಹದಿನಾರಕ್ಕೆ ಇಳಿಯುತ್ತವೆ. ಎಲ್ಲ ಗೇಮ್‌ಗಳೂ ಹೀಗಿರುವುದಿಲ್ಲ. 2011ರ ‘ಪೋರ್ಟಲ್ 2’ರಲ್ಲಿ ಲೇಸರ್ ತಿರುಗಿಸುವ ಪೆಟ್ಟಿಗೆಗೆ ಕಿರಣ ಯಾವ ಕಡೆಯಿಂದ ಬಡಿದರೂ ಅದು ಹೊರಡುವುದು ಪೆಟ್ಟಿಗೆಯ ಮುಖ ನೋಡುತ್ತಿರುವ ದಿಕ್ಕಿಗೇ.

ಮೂರನೆಯದಾಗಿ, ದಾರಿಯನ್ನು ಗುರಿಯಿಂದ ಹಿಂದಕ್ಕೆ ಹುಡುಕಿ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗಬಲ್ಲದು, ಹಾಗಾಗಿ ಗುರಿಯ ಬಳಿ ನಿಂತಾಗ ಯಾವ ಕನ್ನಡಿಗಳು ಅಡೆತಡೆಯಿಲ್ಲದೆ ಕಾಣುತ್ತವೆಯೋ ಅವುಗಳಲ್ಲೊಂದೇ ಕೊನೆಯ ಕನ್ನಡಿ. ಅಲ್ಲಿಗೆ ಹೋಗಿ ನಿಂತು ಅದರ ಹಿಂದಿನದನ್ನು ಹುಡುಕಬೇಕು. ಸೋದರಳಿಯನಿಗೆ ಇಷ್ಟನ್ನೇ ಹೇಳಿಕೊಟ್ಟೆ. ಹತ್ತು ನಿಮಿಷದಲ್ಲಿ ಬಾಗಿಲು ತೆರೆಯಿತು.

ಕಿರಣಗಳು ಒಂದನ್ನೊಂದು ದಾಟುವ ಕಡೆ ಎಚ್ಚರ ಬೇಕು. ಎರಡು ಟಾರ್ಚ್‌ಗಳ ಬೆಳಕು ಅಡ್ಡ ಹಾಯ್ದರೂ ಯಾವುದಕ್ಕೂ ಏನೂ ಆಗುವುದಿಲ್ಲ. ಆದರೆ 2014ರ ‘ದಿ ಟಾಲೋಸ್ ಪ್ರಿನ್ಸಿಪಲ್’ನಲ್ಲಿ ಕೆಂಪು ಮತ್ತು ನೀಲಿ ಕಿರಣಗಳು ಎದುರಾದರೆ ಒಂದನ್ನೊಂದು ತಡೆಯುತ್ತವೆ. ಪ್ರಕೃತಿಯಲ್ಲಿಲ್ಲದ ಆ ಒಂದು ನಿಯಮದಿಂದಲೇ ಅಲ್ಲಿನ ಅನೇಕ ಒಗಟುಗಳು ಹುಟ್ಟಿವೆ, ನನಗೆ ಅತ್ಯಂತ ಪ್ರಿಯವಾದವೂ ಅವೇ.

ಗುರಿ ಬೆಳಗಿದ ಮೇಲೂ ಕನ್ನಡಿಯನ್ನು ಕೂಡಲೇ ಎತ್ತಿಕೊಂಡು ಹೊರಡಬೇಡಿ. ಬೆಳಕು ಬೀಳುವಷ್ಟು ಹೊತ್ತು ಮಾತ್ರ ತೆರೆದಿರುವ ಬಾಗಿಲುಗಳೂ ಇವೆ. ಕಿರಣಕ್ಕೆ ಕ್ಷಣಕಾಲ ಅಡ್ಡ ನಿಂತು, ಬಾಗಿಲು ಮುಚ್ಚುತ್ತದೆಯೇ ಎಂದು ನೋಡಿಕೊಂಡು ಮುಂದೆ ಹೋಗಿ.