ಹತ್ತು ಸೀಟಿನ ದ್ವೀಪ ಟೂರ್: ಲೆಕ್ಕ ಕೂಡಿ ಬಂದದ್ದು ಹೀಗೆ

ಉಡುಪಿ ಕಡೆಯ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕೋಡಿ ಬೆಂಗ್ರೆ, ಕಾಪು. ಒಂದೇ ದಿನ, ಹತ್ತೇ ಜನ, ಒಂದು ಟಿಟಿ (ಟೆಂಪೋ ಟ್ರಾವೆಲರ್). ಇದರಲ್ಲಿ ದುಡ್ಡು ಉಳಿಯುತ್ತದೆ ಅಂದಾಗ ಟೂರ್ ನಡೆಸುವ ನಮ್ಮ ಲೈನಿನವರು ಯಾರೂ ನಂಬಲಿಲ್ಲ. "ಹತ್ತು ಜನರನ್ನು ಕಟ್ಟಿಕೊಂಡು ತಿರುಗಿದ್ರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಮಾರಾಯಾ" ಎಂದವರೇ ಜಾಸ್ತಿ. ಒಂದೆರಡು ಸೀಸನ್ ಅವರ ಮಾತು ನಿಜವೂ ಆಗಿತ್ತು. ಕಳೆದ ಸೀಸನ್‌ನಿಂದ ಅಲ್ಲ. ಈಗ ವಾರದ ನಡುವೆಯೂ ಗಾಡಿ ಓಡುತ್ತಿದೆ. ಅದೇ ಜನ ಈಗ ಫೋನ್ ಮಾಡಿ "ಹೇಗೆ ಮಾಡ್ತಿ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಬೋಟ್ ಟಿಕೆಟ್ ಎಲ್ಲಿ ಸಿಗುತ್ತದೆ, ಬೆಂಗ್ರೆಗೆ ಯಾವ ದಾರಿ, ಇದೆಲ್ಲ ನಿಮಗೆ ಗೊತ್ತಿರುವುದೇ. ಬಿಡುತ್ತೇನೆ.

ಎಲ್ಲರೂ ಮಾಡುವ ಟೂರ್ ಹೇಗಿರುತ್ತದೆ? ಬೆಳಗ್ಗೆ ಕೃಷ್ಣ ಮಠ, ಮಧ್ಯಾಹ್ನ ಊಟ, ಎರಡು ಗಂಟೆಗೆ ದ್ವೀಪ, ಸಂಜೆ ಮಲ್ಪೆ ಬೀಚ್, ಮುಗಿಯಿತು. ನಾನೂ ಅದನ್ನೇ 25 ಸೀಟಿನ ಮಿನಿ ಬಸ್ಸಿನಲ್ಲಿ ಶುರು ಮಾಡಿದ್ದು. ತಲೆಗೆ 1,200 ರೂಪಾಯಿ. ಕಾಗದದ ಮೇಲೆ ಭಾರೀ ಚೆಂದದ ಲೆಕ್ಕ. ಆದರೆ ಬಸ್ ತುಂಬಿದ ದಿನವೇ ತಲೆನೋವು ಜಾಸ್ತಿ. ದ್ವೀಪದಲ್ಲಿ ಇಪ್ಪತ್ತೈದು ಜನರನ್ನು ಒಟ್ಟು ಮಾಡುವಷ್ಟರಲ್ಲಿ ಒಂದು ಬೋಟ್ ಹೋಗಿರುತ್ತದೆ. ಇನ್ನೊಂದು ಬೋಟ್‌ಗೆ ಮುಕ್ಕಾಲು ಗಂಟೆ ಕಾಯಬೇಕು. ಬೆಂಗ್ರೆಯ ದಾರಿ ನಿಮಗೆ ಗೊತ್ತಲ್ಲ, ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ಹೊಳೆ, ನಡುವೆ ಒಂದು ಗಾಡಿಗೆ ಅಳೆದು ಮಾಡಿದಂಥ ರಸ್ತೆ. ಅಲ್ಲಿ ಎದುರಿನಿಂದ ಐಸ್ ತುಂಬಿದ ಲಾರಿ ಬಂದರೆ ಮಿನಿ ಬಸ್ ರಿವರ್ಸ್ ತೆಗೆಯಬೇಕು, ಅದೂ ಜನ ಕಿಟಕಿಯಿಂದ ತಲೆ ಹಾಕಿ "ಸಾಕು ಸಾಕು" ಎಂದು ಕೂಗುವಾಗ. ಆ ಸೀಸನ್ ಮುಗಿಯುವಾಗ ಕೈಯಿಂದ ಹೋದದ್ದು ಒಂದು ಲಕ್ಷದ ಹತ್ತಿರ.

ಮತ್ತೆ ಮಧ್ಯಾಹ್ನದ ದ್ವೀಪ. ಬೇಡವೇ ಬೇಡ. ಬೆಳಗ್ಗೆ ನೆಲದ ಕಡೆಯಿಂದ ಗಾಳಿ ಇರುತ್ತದೆ, ಕಡಲು ಎಣ್ಣೆ ಹಾಕಿದಂತೆ ಸುಮ್ನೆ ಮಲಗಿರುತ್ತದೆ. ಹನ್ನೆರಡು ದಾಟಿತೋ, ಪಡುವಣ ಗಾಳಿ ಏಳುತ್ತದೆ. ಮಾರ್ಚ್ ಆಮೇಲಂತೂ ಕೇಳುವುದೇ ಬೇಡ. ವಾಪಸ್ ಬರುವಾಗ ಬೋಟ್ ಹೊಯ್ದಾಡಿ, ಊಟ ಮಾಡಿ ಹತ್ತಿದವರು ಅದನ್ನು ಕಡಲಿಗೇ ಒಪ್ಪಿಸುತ್ತಾರೆ. ದ್ವೀಪದಲ್ಲಿ ತೆಂಗಿನ ಮರದ ಅಡಿ ಬಿಟ್ಟರೆ ನೆರಳಿಲ್ಲ. ಕಪ್ಪು ಕಲ್ಲು ಕಾದರೆ ಬರಿಗಾಲು ಇಡಲಾಗುವುದಿಲ್ಲ. ಜನ ಬೈಯುವುದು ಬಿಸಿಲನ್ನಲ್ಲ, ಕರೆದುಕೊಂಡು ಹೋದವನನ್ನು.

ಎರಡನೇ ಪ್ರಯೋಗ, ಇಡೀ ಬೋಟನ್ನೇ ಬಾಡಿಗೆಗೆ ಹಿಡಿಯುವುದು. ಕಾಯುವುದು ಬೇಡ, ನಮ್ಮದೇ ರಾಜ್ಯ ಅಂದುಕೊಂಡೆ. ಗ್ರಾಹಕರಿಗೆ ತುಂಬ ಖುಷಿ. ನನಗೆ ಪ್ರತಿ ಟ್ರಿಪ್‌ಗೆ ಮೂರು ನಾಲ್ಕು ಸಾವಿರ ಲುಕ್ಸಾನು. ಹತ್ತು ಜನ ಕೂರುವ ಕಡೆ ಮೂವತ್ತು ಜನರ ದುಡ್ಡು ಕಟ್ಟಿದರೆ ಇನ್ನೇನಾಗುತ್ತದೆ? ದರ ಏರಿಸಿ ನೋಡಿದೆ, 3,500 ಅಂದಾಗ ಫೋನ್‌ಗಳೇ ನಿಂತವು.

ಕೊನೆಗೆ ನಿಂತದ್ದು ಇಲ್ಲಿ: ಬೆಳಗಿನ ಮೊದಲ ಸಾಮಾನ್ಯ ಬೋಟ್, ಹತ್ತು ಸೀಟು, ಊಟಕ್ಕೆ ಮೊದಲು ದ್ವೀಪ ಮುಗಿಸುವುದು, ಮಧ್ಯಾಹ್ನ ಹೊಳೆ ಬದಿ, ಸಂಜೆ ಕಾಪು. ಮಠ ಬಿಟ್ಟೆ. ಮಠಕ್ಕೆ ಜನ ತಾವೇ ಹೋಗುತ್ತಾರೆ, ಅದಕ್ಕೆ ನಾನು ಯಾಕೆ?

ಮೊದಲ ಬೋಟ್ ಅಂದರೆ ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ. ಸುಮಾರು ಮೂವತ್ತು ಜನ ಆಗದೆ ಅವರು ಹೊರಡುವುದಿಲ್ಲ. ಭಾನುವಾರ ಚಿಂತೆಯಿಲ್ಲ. ಮಂಗಳವಾರ ನನ್ನ ಹತ್ತು ಜನ ಲೈಫ್ ಜಾಕೆಟ್ ಹಾಕಿಕೊಂಡು ಬೆವರುತ್ತಾ ಕೂತಿರುತ್ತಿದ್ದರು. ಇದಕ್ಕೆ ನಾನು ಮಾಡಿದ್ದು, ಹಿಂದಿನ ರಾತ್ರಿ ಮಲ್ಪೆ, ಹೂಡೆ ಕಡೆಯ ಹೋಮ್‌ಸ್ಟೇಗಳಿಗೆ ಫೋನ್ ಮಾಡಿ, ನಾಳೆ ದ್ವೀಪಕ್ಕೆ ಹೋಗುವವರಿದ್ದರೆ ಇಂಥ ಹೊತ್ತಿಗೆ ಬರಲಿ ಎಂದು ಹೇಳಿಡುವುದು. ಅವರಿಂದ ನನಗೆ ಕಮಿಷನ್ ಬೇಡ, ಬೋಟ್ ತುಂಬಿದರೆ ಸಾಕು. ಬೋಟ್‌ನವರ ಜೊತೆಗೂ ಒಂದು ಮಾತುಕತೆ ಇದೆ. ಅದು ಏನು ಎಂದು ಬರೆಯುವುದಿಲ್ಲ, ಅಷ್ಟು ನನ್ನ ಹತ್ತಿರವೇ ಇರಲಿ.

ದ್ವೀಪಕ್ಕೆ ಇಳಿಯುವ ವಿಷಯ ಒಂದು ಹೇಳಲೇಬೇಕು. ದೊಡ್ಡ ಬೋಟಿನಿಂದ ಚಿಕ್ಕದಕ್ಕೆ ದಾಟಿಸುವ ದಿನಗಳಲ್ಲಿ ಗುಂಪಿನ ಧೈರ್ಯ ಎಲ್ಲಾ ಅಲ್ಲೇ ತಿಳಿಯುತ್ತದೆ. ನಾನು ಮಲ್ಪೆಯಲ್ಲೇ ಎಲ್ಲರ ಚಪ್ಪಲಿ ಬಿಚ್ಚಿಸಿ ಒಂದು ಚೀಲಕ್ಕೆ ಹಾಕಿಸುತ್ತೇನೆ. ಸೀರೆ ಉಟ್ಟವರಿಗೆ ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಲು ಹೇಳುತ್ತೇನೆ. ಬೋಟ್‌ನವನ ಬೆರಳು ಹಿಡಿಯಬಾರದು, ಮಣಿಕಟ್ಟು ಹಿಡಿಯಬೇಕು. ಒದ್ದೆ ಬೆರಳು ಜಾರುತ್ತದೆ. ಚಿಕ್ಕ ಬೋಟ್ ಅಲೆಯ ಮೇಲೆ ಎದ್ದು, ಎರಡರ ಅಂಚು ಸಮ ಆದ ಕ್ಷಣ ಕಾಲು ಇಡಬೇಕು. ಇಳಿಯುತ್ತಿರುವಾಗ ಇಟ್ಟರೆ ಎರಡು ಅಡಿ ಕೆಳಗೆ ಧೊಪ್ಪೆಂದು ಬೀಳುತ್ತೀರಿ. "ಈಗ ಅಮ್ಮ, ಈಗ!" ಎಂದು ಕೂಗಲು ನಮ್ಮ ಹುಡುಗ ಒಬ್ಬ ಇದ್ದಾನೆ. ಅವನಿಗೆ ದಿನಕ್ಕೆ 800. ಎಪ್ಪತ್ತು ದಾಟಿದವರನ್ನೂ ಹೀಗೇ ಇಳಿಸಿದ್ದೇವೆ.

ದ್ವೀಪದಲ್ಲಿ ಏನು ತೋರಿಸುವುದು? ಮೊದಲು ಒಬ್ಬರು ಭೂಗರ್ಭಶಾಸ್ತ್ರದ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದೆ. ಪಾಪ, ಒಳ್ಳೆಯ ಮನುಷ್ಯ. ಆದರೆ ಇಪ್ಪತ್ತು ನಿಮಿಷದ ಪಾಠಕ್ಕೆ ಐದನೇ ನಿಮಿಷದಲ್ಲೇ ಅರ್ಧ ಜನ ಸೆಲ್ಫಿಗೆ ಹೋದರು. ಈಗ ನಾನೇ ಅಲ್ಲಿನ ಕಲ್ಲುಕಂಬಗಳಲ್ಲಿ ಒಂದರ ಹತ್ತಿರ ನಿಲ್ಲಿಸಿ, ಕೈ ಇಟ್ಟು ಅದರ ಮೂಲೆ ಎಣಿಸಲು ಹೇಳುತ್ತೇನೆ. ಒಬ್ಬರಿಗೆ ಆರು ಸಿಗುತ್ತದೆ, ಪಕ್ಕದವರಿಗೆ ಐದು, ಇನ್ನೊಬ್ಬರಿಗೆ ಏಳು. ಜಗಳ ಶುರು! ಆಮೇಲೆ ಹೇಳುವುದು: ಲಾವಾ ಆರುತ್ತಾ ಕುಗ್ಗಿ, ಬೇಸಿಗೆಯ ಗದ್ದೆಯ ಹಾಗೆ ಬಿರಿದದ್ದು ಇದು. ಆ ಲಾವಾ ಉಕ್ಕಿ ಸುಮಾರು 8.8 ಕೋಟಿ ವರ್ಷ ಆಯಿತು. ಆಗ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡೇ ಇತ್ತು, ಅದು ಕಳಚಿ ಹೋಗುವ ಹೊತ್ತಿನಲ್ಲಿ ಆದ ಕೆಲಸ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ. 1498ರಲ್ಲಿ ವಾಸ್ಕೋ ಡ ಗಾಮ ಬಂದ, ಮೇರಿಯ ಹೆಸರಿಟ್ಟ ಎಂಬ ಕಥೆಯನ್ನು ಕಥೆ ಎಂದೇ ಹೇಳುತ್ತೇನೆ. ಎಲ್ಲ ಸೇರಿ ಐದು ನಿಮಿಷ. ಮಕ್ಕಳು ಆಮೇಲೆ ವಾಪಸ್ ಹೋಗುವವರೆಗೂ ಕಲ್ಲಿನ ಮೂಲೆ ಎಣಿಸುತ್ತಿರುತ್ತಾರೆ.

ಪಾಚಿ ಹಿಡಿದ ಕಲ್ಲಿನ ಕಡೆಗೆ ಯಾರನ್ನೂ ಬಿಡುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಇಲ್ಲೇ ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಹತ್ತು ಜನ ಆದರೆ ಎಲ್ಲರೂ ಕಣ್ಣಳತೆಯಲ್ಲಿ ಇರುತ್ತಾರೆ. ಗುಂಪು ಚಿಕ್ಕದು ಮಾಡಲು ಇದೊಂದೇ ಕಾರಣ ಸಾಕಿತ್ತು.

ಹನ್ನೊಂದೂವರೆಗೆ ಮಲ್ಪೆಗೆ ವಾಪಸ್, ತಲೆಗೊಂದು ಬೊಂಡ (ಎಳನೀರು), ಗಾಡಿ ಸೀದಾ ಬೆಂಗ್ರೆಗೆ. ಊಟ ಅಲ್ಲಿನ ಒಂದು ಮನೆಯಲ್ಲಿ. ಆ ಮನೆಯ ಅಕ್ಕ ಮೊದಲು ಒಪ್ಪಿರಲಿಲ್ಲ. "ನೀವು ಇವತ್ತು ಹತ್ತು ಜನ ಅಂತೀರಿ, ಬರುವುದು ನಾಲ್ಕು ಜನ. ಮೀನು ಯಾರು ತಿನ್ನುವುದು?" ಎಂದರು. ನ್ಯಾಯವೇ. ಹಿಂದಿನ ದಿನವೇ ಪೂರ್ತಿ ದುಡ್ಡು ಕೊಡುವುದು ಎಂದು ಆದ ಮೇಲೆ ಒಪ್ಪಿದರು. ತಲೆಗೆ 300, ಬಂಗುಡೆ ಮೀನಿನ ಹುಳಿ ಖಾರದ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ, ಒಂದು ಫ್ರೈ. ತೊಂದರೆ ಇದ್ದದ್ದು ಸಸ್ಯಾಹಾರಿಗಳದ್ದು. ಬೆಂಗಳೂರಿನ ಕುಟುಂಬಗಳಲ್ಲಿ ಅರ್ಧಕ್ಕರ್ಧ ಅವರೇ. ಅವರನ್ನು ಮೊದಲು ಹೋಟೆಲಿಗೆ ಕರೆದುಕೊಂಡು ಹೋಗಿ ಬರುವುದರಲ್ಲೇ ಒಂದು ಗಂಟೆ ಹಾಳಾಗುತ್ತಿತ್ತು. ಈಗ ಪಕ್ಕದ ಇನ್ನೊಂದು ಮನೆಯಲ್ಲಿ ಮಟ್ಟು ಗುಳ್ಳದ (ಮಟ್ಟು ಊರಿನ ಬದನೆ) ಹುಳಿ, ಸಾರು, ಹಪ್ಪಳ ಮಾಡಿಸುತ್ತೇನೆ. ಗುಳ್ಳಕ್ಕೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಎಂಬ ಪ್ರತೀತಿ ಇದೆ ಅಂತ ಹೇಳಿದರೆ ಸಾಕು, ಮೀನು ತಿನ್ನುವವರೂ "ನಮಗೂ ಸ್ವಲ್ಪ" ಎಂದು ತಟ್ಟೆ ಹಿಡಿದು ಬರುತ್ತಾರೆ. ಸಂಜೆ ಮಟ್ಟು ದಾಟಿ ಹೋಗುವಾಗ ಗದ್ದೆ ಬದಿ ಗಾಡಿ ನಿಲ್ಲಿಸಿದರೆ ಗುಳ್ಳವೂ ಮಾರಾಟ ಆಗುತ್ತದೆ. ಅದರಲ್ಲಿ ನನಗೇನೂ ಇಲ್ಲ, ಬೆಳೆಗಾರರಿಗೆ ಸೀದಾ ಹೋಗುತ್ತದೆ.

ಇನ್ನು ಹೊಳೆ. ನಿಜವಾದ ಆಟ ಇಲ್ಲಿರುವುದು. ಸೀತಾ, ಸುವರ್ಣಾ ಎರಡೂ ಕೂಡಿ ಕಡಲು ಸೇರುವ ಅಳಿವೆ ಇದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ, ಕುದ್ರುಗಳ ಅಂದರೆ ಹೊಳೆ ನಡುವಿನ ದ್ವೀಪಗಳ ಸುತ್ತ ದೋಣಿಯಲ್ಲಿ ಸುತ್ತಿಸುವುದು ಎಲ್ಲರೂ ಮಾಡುತ್ತಾರೆ. ಬಾಡಿಗೆ 2,500 ಆಸುಪಾಸು. ಆದರೆ ಇಳಿತದ ಹೊತ್ತಿಗೆ ಹೋದರೆ ದೋಣಿ ಕೆಸರಿಗೆ ಕೂರುತ್ತದೆ. ಒಂದು ಸಲ ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು, ನಡುಹೊಳೆಯಲ್ಲಿ, ಒಬ್ಬ ಹುಡುಗಿಗೆ ರೈಲು ಬೇರೆ ಇತ್ತು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ "ಪ್ರತಿದಿನ ಎರಡು ಗಂಟೆಗೆ ದೋಣಿ" ಎಂದು ಪ್ರಿಂಟ್ ಹಾಕಿದವರು ತಿಂಗಳಲ್ಲಿ ಅರ್ಧದಷ್ಟು ದಿನಗಳು ಸುಳ್ಳು ಹೇಳುತ್ತಿರುತ್ತಾರೆ. ನನ್ನ ಫೋನ್‌ನಲ್ಲಿ ಇಡೀ ತಿಂಗಳ ಭರತ ಇಳಿತದ ಪಟ್ಟಿ ಇರುತ್ತದೆ. ಮಧ್ಯಾಹ್ನ ನೀರು ಇರುವ ದಿನ ದೋಣಿ. ಇಲ್ಲದ ದಿನ ದೋಣಿಯನ್ನೇ ಕೈಬಿಟ್ಟು ಅಳಿವೆಯ ಮರಳ ದಿಬ್ಬಕ್ಕೆ ನಡೆಸಿಕೊಂಡು ಹೋಗುತ್ತೇನೆ. ಅಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಇರುತ್ತಾರೆ. ಎದೆಮಟ್ಟ ನೀರಿನಲ್ಲಿ ನಿಂತು, ಕಾಲಿನಲ್ಲೇ ಕೆಸರು ತಡವಿ, ಚಿಪ್ಪು ಸಿಕ್ಕಿದ ಕೂಡಲೇ ಒಮ್ಮೆ ಮುಳುಗಿ ಕೈಯಲ್ಲಿ ಎತ್ತಿ ಹಿಂದೆ ತೇಲುತ್ತಿರುವ ಪಾತ್ರೆಗೆ ಹಾಕುತ್ತಾರೆ, ಟಣ್ ಎಂದು. ನಮ್ಮವರೂ ಮೊಣಕಾಲು ನೀರಿಗಿಳಿದು ಹುಡುಕುತ್ತಾರೆ, ಒಂದು ಗಂಟೆಗೆ ನಾಲ್ಕು ಸಿಕ್ಕಿದರೆ ಹಬ್ಬ.

ತಮಾಷೆ ಏನು ಅಂದರೆ, ದೋಣಿ ಇಲ್ಲದ ದಿನದ ಟೂರನ್ನೇ ಜನ ಜಾಸ್ತಿ ಹೊಗಳುತ್ತಾರೆ. ನನಗೂ 2,500 ಉಳಿಯುತ್ತದೆ. ಅದರಲ್ಲಿ ಸ್ವಲ್ಪ ಮರುವಾಯಿಯವರಿಗೆ ಕೊಡುತ್ತೇನೆ. ಅವರ ಕೆಲಸದ ಹೊತ್ತನ್ನು ಸುಮ್ನೆ ತಿಂದು ಬರಬಾರದು.

ಕಾಪು ಯಾವತ್ತೂ ಕೊನೆಗೆ. ಪಡುಕೆರೆ, ಮಟ್ಟು ದಾರಿಯಾಗಿ ಹೋದರೆ ಹೆದ್ದಾರಿಯ ರಗಳೆ ಇಲ್ಲ, ಕಡಲು ಬಲಗಡೆಯೇ ಇರುತ್ತದೆ. ದೀಪಸ್ತಂಭ 1901ರದ್ದು, ಎತ್ತರ ಸುಮಾರು 27 ಮೀಟರ್, ಬಂಡೆಯ ಮೇಲೆ ನಿಂತಿರುವುದರಿಂದ ಇನ್ನೂ ಎತ್ತರ ಕಾಣುತ್ತದೆ. ಹತ್ತುವವರು ಹತ್ತಲಿ, ಮಂಡಿ ನೋವಿನವರಿಗೆ ಕೆಳಗೆ ಬಿಸಿ ಗೋಳಿಬಜೆ. ಏಳೂವರೆಗೆ ಉಡುಪಿ.

ಈಗ ದುಡ್ಡು. ತಲೆಗೆ 2,200, ಎಲ್ಲ ಸೇರಿ. ಹತ್ತು ಜನಕ್ಕೆ 22,000. ಡೀಸೆಲ್, ಡ್ರೈವರ್ ಸೇರಿ ಗಾಡಿಗೆ 6,000. ದ್ವೀಪದ ಬೋಟ್‌ಗೆ ನನ್ನ ಹುಡುಗನದ್ದೂ ಸೇರಿ 3,300 ಆಗಬಹುದು. ಊಟ 3,600, ದೋಣಿ 2,500, ಹುಡುಗನಿಗೆ 800, ಬೊಂಡ, ಗೋಳಿಬಜೆ, ಅದು ಇದು ಎಂದು 1,200. ಉಳಿಯುವುದು ನಾಲ್ಕೂವರೆ ಸಾವಿರ. ದೋಣಿ ಇಲ್ಲದ ದಿನ ಆರೂವರೆಯ ಹತ್ತಿರ. ಏಳು ಜನಕ್ಕೆ ಸರಿಸಮ ಆಗುತ್ತದೆ, ಆರು ಜನ ಆದರೆ ಕೈಯಿಂದ. ಆದರೂ ಆರು ಜನಕ್ಕೂ ಹೊರಡುತ್ತೇನೆ. ಕ್ಯಾನ್ಸಲ್ ಮಾಡಿದ ಟೂರ್‌ನವನಿಗೆ ಹೋಮ್‌ಸ್ಟೇಯವರು ಮತ್ತೆ ಜನ ಕಳಿಸುವುದಿಲ್ಲ. 12 ಸೀಟಿನ ಗಾಡಿಯಲ್ಲಿ ಹತ್ತೇ ಮಾರುವುದಕ್ಕೆ ಎಲ್ಲರೂ ನಕ್ಕರು. ಆ ಎರಡು ಸೀಟಿನಲ್ಲಿ ಒದ್ದೆ ಬಟ್ಟೆ, ಚಪ್ಪಲಿ ಚೀಲ, ನೀರಿನ ಕ್ಯಾನ್ ಇರುತ್ತದೆ. ಹನ್ನೆರಡು ಜನರನ್ನು ತುಂಬಿಸಿದ ದಿನಗಳಲ್ಲಿ ಸಂಜೆ ಹೊತ್ತಿಗೆ ಗಾಡಿಯೊಳಗೆ ಜಗಳ ಗ್ಯಾರಂಟಿ.

ನಡುವೆ ಇನ್ನೊಂದು ಹುಚ್ಚು ಪ್ರಯೋಗ ಮಾಡಿದೆ. ಬೆಳಗ್ಗೆ ಆರಕ್ಕೆ ಮಲ್ಪೆ ದಕ್ಕೆಯಲ್ಲಿ (ಮೀನು ಬೋಟ್ ನಿಲ್ಲುವ ಕಟ್ಟೆ) ಮೀನಿನ ಏಲಂ ತೋರಿಸುವುದು. ಮಣಿಪಾಲದ ವಿದ್ಯಾರ್ಥಿಗಳಿಗೆ, ಹೊರದೇಶದವರಿಗೆ ಅದು ಹುಚ್ಚು ಹಿಡಿಸಿತು. ಕುಟುಂಬದವರು ಹತ್ತು ನಿಮಿಷದಲ್ಲಿ ಮೂಗು ಮುಚ್ಚಿ ಗಾಡಿ ಹತ್ತಿದರು. ಈಗ ಕೇಳಿದವರಿಗೆ ಮಾತ್ರ, 300 ಜಾಸ್ತಿಗೆ. ಏಲಂನಲ್ಲಿ ನಡುವೆ ನಿಂತು ಫೋಟೋ ತೆಗೆಯಬೇಡಿ ಎಂದು ಮೊದಲೇ ಹೇಳಿಡಿ. ಅಲ್ಲಿ ಎಲ್ಲರೂ ಅವಸರದಲ್ಲಿರುತ್ತಾರೆ, ಬುಟ್ಟಿ ತಾಗಿದರೆ ಮೈಯೆಲ್ಲ ಮೀನಿನ ನೀರು.

ಅಡ್ವಾನ್ಸ್ ಅರ್ಧ ತೆಗೆದುಕೊಳ್ಳುತ್ತೇನೆ. ಕಡಲು ಕೆಟ್ಟು ಬೋಟ್ ನಿಂತರೆ ದ್ವೀಪದ ಪಾಲು 500 ರೂಪಾಯಿ ಅವತ್ತೇ ಜಿಪೇ ಮಾಡಿ ಬಿಡುತ್ತೇನೆ, ಬಾಯಿ ಬಿಟ್ಟು ಕೇಳುವ ಮೊದಲೇ. ಉಳಿದ ದಿನವನ್ನು ಬೆಂಗ್ರೆ, ಮಟ್ಟು, ಕಾಪು ಮಾಡಿ ತುಂಬಿಸುತ್ತೇನೆ. ಮೇ ಅರ್ಧ ದಾಟಿದ ಮೇಲೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಹೇಗೂ ದ್ವೀಪ ಬಂದ್, ಗಾಡಿ ಮದುವೆ ಬಾಡಿಗೆಗೆ ಹೋಗುತ್ತದೆ. ಮುಂದಿನ ಸೀಸನ್‌ಗೆ ಎರಡನೇ ಗಾಡಿ ಹಾಕು ಎಂದು ಮನೆಯಲ್ಲೂ ಹೇಳುತ್ತಿದ್ದಾರೆ. ಹಾಕಬಹುದು. ಆದರೆ "ಈಗ ಅಮ್ಮ, ಈಗ!" ಎಂದು ಸರಿಯಾದ ಹೊತ್ತಿಗೆ ಕೂಗುವ ಇನ್ನೊಬ್ಬ ಹುಡುಗ ಸಿಗಬೇಕು. ನಿಮ್ಮ ಕಡೆ ಯಾರಾದರೂ ಇದ್ದರೆ ಹೇಳಿ, ಸಂಬಳ 800 ಅಲ್ಲ, ಸಾವಿರ ಕೊಡೋಣ.