ಕೆಂಡದ ಪಕ್ಕ ಎರಡು ಬೆರಳು: ಐಯೆ ಎಲೆಯ ಜೊತೆ ನನ್ನ ಅನುಭವ

ಗಣೇಶನ ಪೂಜೆಗೆ ಏರಿಸುವ ಮಾಚಿಪತ್ರೆಯನ್ನು ಕಂಡವರಿಗೆ ಚೀನಾದ ಐಯೆ ಎಲೆಯ ಗುರುತು ಬೇಗ ಸಿಗುತ್ತದೆ. ಎರಡೂ ಆರ್ಟೆಮಿಸಿಯ ಕುಲದವು, ನಮ್ಮ ದವನವೂ ಅದೇ ಕುಲದ್ದು. ಸೀಳುಸೀಳಾದ ಎಲೆ, ಮೇಲೆ ಮಾಸಲು ಹಸಿರು, ಮಗುಚಿದರೆ ಬೆಳ್ಳಗಿನ ನವಿರು ರೋಮ. ಎಲೆಯ ಅರಳೆಗೆ ಕೆಂಡ ಹಿಡಿಸಿ ಮೈಗೆ ಶಾಖ ಕೊಡುವ ಬೆಂಕಿ ಚಿಕಿತ್ಸೆಗೆ ಬೇಕಾಗಿರುವುದು ಆ ರೋಮವೇ.

ನಾನು ಪ್ರಕೃತಿ ಚಿಕಿತ್ಸೆ ಓದಿದವಳು. ಆಕ್ಯುಪಂಕ್ಚರ್ ಇನ್ನಷ್ಟು ಕಲಿಯಬೇಕೆಂದು ಹುಬೈ ಪ್ರಾಂತ್ಯದ ವುಹಾನ್‌ಗೆ ಹೋಗಿದ್ದೆ. ಅದೇ ಪ್ರಾಂತ್ಯದ ಚೀಚುನ್ ಐಯೆಗೆ ಹೆಸರುವಾಸಿ. 1578ರಲ್ಲಿ 'ಬೆನ್‌ಚಾವ್ ಗಾಂಗ್‌ಮು' ಎಂಬ ಬೃಹತ್ ಔಷಧ ಗ್ರಂಥವನ್ನು ಮುಗಿಸಿದ ಲೀ ಶಿಝೆನ್ ಅವರ ಹುಟ್ಟೂರು ಅದು. ಚೀನೀ ಪಂಚಾಂಗದ 5ನೇ ತಿಂಗಳ 5ನೇ ದಿನ ದೋಣಿ ಹಬ್ಬ ಬರುತ್ತದೆ. ಆಗ ಮನೆಮನೆಯ ಬಾಗಿಲಿಗೂ ಐಯೆ ಕಟ್ಟು. ಹೂ ಬಿಡುವ ಮುಂಚಿನ ಆ ಬೇಸಿಗೆಯಲ್ಲೇ ಕೊಯ್ಲು.

ಈ ಚಿಕಿತ್ಸೆಯ ಸಿದ್ಧ ಕಡ್ಡಿ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಆದರೂ ನಮ್ಮ ಗುರುಗಳು, ಅಲ್ಲಿಯ ರೂಢಿಯಂತೆ ನಾವು 'ಲಾವ್‌ಶಿ' ಎನ್ನುತ್ತಿದ್ದವರು, ಮೊದಲು ಎಲೆಯನ್ನು ಕೈಯಲ್ಲಿ ಉಜ್ಜಿಯೇ ಕಲಿಯಬೇಕೆಂದರು. ಒಣಗಿದ ಎಲೆಯನ್ನು ಅಂಗೈಗಳ ನಡುವೆ ಹಾಕಿ ತಿಕ್ಕುತ್ತಾ ಹೋದರೆ ಹಸಿರು ಭಾಗ ಪುಡಿಯಾಗಿ ಉದುರುತ್ತದೆ, ಕಾಂಡದ ಚೂರುಗಳು ಬೆರಳಿಗೆ ಚುಚ್ಚುತ್ತವೆ. ಜರಡಿ ಹಿಡಿದು ಮತ್ತೆ ತಿಕ್ಕಿ, ಮತ್ತೆ ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಹತ್ತಿಯಂಥ ಅರಳೆ. ಚೆನ್ನಾಗಿ ಶುದ್ಧವಾದದ್ದು ತಿಳಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಚೂರು ಉಳಿದರೆ ಉರಿಯುವಾಗ ಕಿಡಿ ಸಿಡಿಯುತ್ತದೆ, ಕಿಡಿ ಬೀಳುವುದು ರೋಗಿಯ ಚರ್ಮದ ಮೇಲೆ. ಎಲೆ ಹಳೆಯದಾದಷ್ಟೂ ಅದರ ಎಣ್ಣೆಯ ಅಂಶ ಕಡಿಮೆಯಾಗಿ ಶಾಖ ಹದವಾಗುತ್ತದೆ. 7 ವರ್ಷದ ಕಾಯಿಲೆಗೆ 3 ವರ್ಷದ ಐಯೆ ಬೇಕು ಎಂಬ ಮಾತು ಪ್ರಾಚೀನ ಚೀನಾದ ತತ್ವಜ್ಞಾನಿ ಮೆನ್ಶಿಯಸ್‌ನ ಕಾಲದಿಂದಲೇ ಇದೆ.

ಈ ಅರಳೆಯನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದರೆ ಮೋಕ್ಸಾ ಕಡ್ಡಿ. ತುದಿಗೆ ಕೆಂಡ ಹಿಡಿಸಿ ಚರ್ಮದಿಂದ 2–3 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತೇನೆ, ಒಂದು ಬಿಂದುವಿಗೆ 10–15 ನಿಮಿಷ. ಮಂಡಿಚಿಪ್ಪಿನ ಕೆಳಗೆ, ಮೊಳಕಾಲಿನ ಹೊರಬದಿಗಿರುವ 'ಝೂಸಾನ್‌ಲಿ' ನಾನು ಹೆಚ್ಚು ಬಳಸುವ ಜಾಗ. ಥಂಡಿಗೆ ಬಿಗಿಯುವ ಮಂಡಿ, ಮುಟ್ಟಿನ ದಿನಗಳಲ್ಲಿ ಶಾಖ ಕೊಟ್ಟರೆ ಇಳಿಯುವ ಹೊಟ್ಟೆನೋವು, ಇಂಥವಕ್ಕೆ ಹಿತವಾದದ್ದನ್ನು ಕಂಡಿದ್ದೇನೆ. ಚರ್ಮ ತಿಳಿಗೆಂಪಾದರೆ ಸಾಕು, ನಿಲ್ಲಿಸುತ್ತೇನೆ.

ಆ ಹೊತ್ತಿಗೆ ನನ್ನ ಎಡಗೈ ಸುಮ್ಮನಿರುವುದಿಲ್ಲ. ತೋರುಬೆರಳು, ನಡುಬೆರಳು ಬಿಂದುವಿನ ಎರಡೂ ಪಕ್ಕ ಚರ್ಮದ ಮೇಲಿರುತ್ತವೆ. ಬಿಸಿ ಎಷ್ಟೆಂದು ನನ್ನ ಬೆರಳಿಗೇ ತಿಳಿಯಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು 'ಏನೂ ಆಗ್ತಿಲ್ಲ ಡಾಕ್ಟ್ರೇ, ಇನ್ನೂ ಹತ್ತಿರ ತನ್ನಿ' ಎನ್ನುತ್ತಾರೆ, ಅಷ್ಟರಲ್ಲಿ ಒಳಗೆ ಬೊಬ್ಬೆ ಏಳುತ್ತಿರಬಹುದು. ಸ್ಪರ್ಶ ಪೂರಾ ಹೋದ ಪಾದಕ್ಕೆ ನಾನು ಕೆಂಡ ಹಿಡಿಯುವುದೇ ಇಲ್ಲ. ಬೂದಿಯನ್ನು ಆಗಾಗ ತಟ್ಟಿ ಉದುರಿಸಬೇಕು, ಮಾತಿಗೆ ಕೂತರೆ ಅದೇ ಮೈಮೇಲೆ ಬೀಳುತ್ತದೆ. ಹೊಗೆ ದಟ್ಟವಾದ್ದರಿಂದ ಕಿಟಕಿ ತೆರೆದಿರಬೇಕು. ಆಸ್ತಮಾ ಇರುವವರನ್ನು ಆ ಕೋಣೆಗೆ ಕರೆಯುವುದಿಲ್ಲ. ಮುಖ, ದೊಡ್ಡ ರಕ್ತನಾಳಗಳ ಮೇಲೆ ಮತ್ತು ಜ್ವರವಿದ್ದಾಗ ಬೇಡ. ಸೇವಂತಿಗೆ ಜಾತಿಯ ಹೂಗಳಿಗೆ ಅಲರ್ಜಿ ಇದೆಯೇ ಎಂದು ಮೊದಲೇ ಕೇಳುತ್ತೇನೆ, ಐಯೆಯೂ ಅದೇ ಕುಟುಂಬದ್ದು.

ಬಸುರಿಯರ ಹೊಟ್ಟೆ, ಸೊಂಟಕ್ಕೆ ಇದು ನಿಷಿದ್ಧ. ಆದರೆ ಇದೇ ಕಡ್ಡಿಯನ್ನು ಕಾಲಿನ ಕಿರುಬೆರಳ ಉಗುರಿನ ಹೊರಮೂಲೆಯ 'ಝೀಯಿನ್' ಬಿಂದುವಿಗೆ ಹಿಡಿದು, ತಲೆ ಮೇಲಾಗಿರುವ ಮಗುವನ್ನು ತಿರುಗಿಸಲು ಬಳಸುವ ಪದ್ಧತಿ ಚೀನಾದಲ್ಲಿದೆ. ಜಿಯಾಂಗ್‌ಶಿ ಪ್ರಾಂತ್ಯದಲ್ಲಿ 260 ಚೊಚ್ಚಲು ಬಸುರಿಯರ ಮೇಲೆ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬಸಿರಿನ 35ನೇ ವಾರದ ಹೊತ್ತಿಗೆ, ಚಿಕಿತ್ಸೆ ಪಡೆದವರಲ್ಲಿ 130ಕ್ಕೆ 98 ಮಕ್ಕಳು ತಲೆ ಕೆಳಗಾಗಿದ್ದವು, ಪಡೆಯದವರಲ್ಲಿ 130ಕ್ಕೆ 62. ಮುಂದಿನ ಅಧ್ಯಯನಗಳೆಲ್ಲ ಇಷ್ಟು ಸ್ಪಷ್ಟ ಫಲ ಕೊಟ್ಟಿಲ್ಲ. ಹೆರಿಗೆ ವೈದ್ಯರು ಸ್ಕ್ಯಾನ್ ನೋಡಿ ಒಪ್ಪದೆ ನಾನಂತೂ ಕಡ್ಡಿ ಹಚ್ಚುವುದಿಲ್ಲ.

ಒಂದು ಹಿಡಿ ಎಲೆ ಕುದಿಸಿ, 40 ಡಿಗ್ರಿಗೆ ಆರಿಸಿ ಪಾದ ಮುಳುಗಿಸುವುದು ಮನೆಯಲ್ಲಿ ಮಾಡಿಕೊಳ್ಳಬಹುದಾದ ಬಳಕೆ. ಥರ್ಮಾಮೀಟರ್ ಇಟ್ಟುಕೊಳ್ಳಿ.

ಕುಡಿಯುವ ವಿಷಯ ಬೇರೆ. ಅತಿಯಾದ ರಕ್ತಸ್ರಾವಕ್ಕೆ ಅಲ್ಲಿಯ ವೈದ್ಯರು ಐಯೆಯನ್ನು ಕಪ್ಪಗೆ ಹುರಿದು ಬೇರೆ ಮೂಲಿಕೆಗಳ ಜೊತೆ ಕಷಾಯಕ್ಕೆ ಹಾಕುತ್ತಾರೆ. ಆದರೆ ಚೀನಾದ ಅಧಿಕೃತ ಔಷಧಕೋಶವೇ ಇದನ್ನು ಅಲ್ಪ ವಿಷವುಳ್ಳದ್ದೆಂದು ಗುರುತಿಸಿ, 3ರಿಂದ 9 ಗ್ರಾಮಿನ ಮಿತಿ ಹಾಕಿದೆ. ಎಲೆಯ ಎಣ್ಣೆಯಲ್ಲಿರುವ ಥೂಜೋನ್ ಎಂಬ ಅಂಶ ನರಗಳಿಗೆ ಕೇಡು, ಪ್ರಮಾಣ ಮೀರಿದರೆ ವಾಂತಿ, ಸೆಳೆತ ಬರಬಹುದು. ಮೂರ್ಛೆರೋಗ ಇರುವವರು, ಬಸುರಿಯರು, ಎದೆಹಾಲು ಕುಡಿಸುವವರು ಬಾಯಿಗೆ ಹಾಕಲೇಬಾರದು. ಹಿತ್ತಲ ಮಾಚಿಪತ್ರೆಯನ್ನು ಇದರ ಬದಲಿಗೆ ಕಷಾಯ ಮಾಡಬಹುದಾ ಎಂದು ಊರಿನಲ್ಲಿ ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಕುಲ ಒಂದಾದರೂ ಗಿಡ ಬೇರೆ, ಒಳಗಿನ ಎಣ್ಣೆಯ ಪ್ರಮಾಣ ಬೇರೆ. ಚೀನಾದ ವಿಜ್ಞಾನಿ ತೂ ಯೂಯೂ ಅವರಿಗೆ 2015ರ ನೊಬೆಲ್ ತಂದ ಮಲೇರಿಯಾ ಮದ್ದು ಸಿಕ್ಕಿದ್ದು ಕೂಡ ಈ ಕುಲದ ಇನ್ನೊಂದು ಗಿಡದಿಂದ. ಜ್ವರಕ್ಕೆಂದು ಐಯೆ ಕುಡಿಯಹೊರಡುವವರು ಅದನ್ನೂ ಇದನ್ನೂ ಒಂದೇ ಎಂದುಕೊಂಡಿರುತ್ತಾರೆ. ಅವರನ್ನು ರಕ್ತಪರೀಕ್ಷೆಗೆ ಕಳಿಸುತ್ತೇನೆ.