ಏರ್‌ಗನ್ನಿಗೆ ಕಡಿಮೆ ಬೆಲೆಯಲ್ಲಿ ಒಳ್ಳೆಯ ಸ್ಕೋಪ್ ಆರಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟವಿರುವ ಮನೆಗಳಲ್ಲಿ ಏರ್‌ಗನ್ ಅಪರೂಪದ ವಸ್ತುವೇನಲ್ಲ. ಮಂಗಗಳನ್ನು ಸದ್ದಿನಿಂದ ಬೆದರಿಸಲೆಂದು ತಂದದ್ದು, ಕ್ರಮೇಣ ಅಂಗಳದ ಕೊನೆಯಲ್ಲಿ ಕಾಗದ ಅಂಟಿಸಿ ಗುರಿ ಹೊಡೆಯುವ ಹವ್ಯಾಸಕ್ಕೆ ದಾರಿಯಾಗುತ್ತದೆ. ಹವ್ಯಾಸ ಸ್ವಲ್ಪ ಬಲಿತ ಮೇಲೆ ಸ್ಕೋಪಿನ, ಅಂದರೆ ಗುರಿಯನ್ನು ದೊಡ್ಡದಾಗಿ ತೋರಿಸಲು ಬಂದೂಕಿನ ಮೇಲೆ ಕೂರಿಸುವ ದೂರದರ್ಶಕದ ಆಸೆ ಹುಟ್ಟುತ್ತದೆ. ಹತ್ತರಿಂದ ಮೂವತ್ತು ಮೀಟರ್ ದೂರದ ಗುರಿಗೆ ಹೊಡೆಯುವ, ಬಂದೂಕಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಹಣವನ್ನು ಸ್ಕೋಪಿಗೆ ಹಾಕಲು ಇಷ್ಟವಿಲ್ಲದ ಅಂಥವರನ್ನೇ ಎದುರಿಗಿಟ್ಟುಕೊಂಡು ಮುಂದಿನ ಮಾತುಗಳನ್ನು ಬರೆದಿದೆ.

ಮೊದಲು ಕಾನೂನಿನ ವಿಷಯವನ್ನು ಹೇಳಿ ಮುಗಿಸಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಬೆಳೆ ರಕ್ಷಣೆಗೆಂದು ಇಟ್ಟುಕೊಂಡ ಕೋವಿಯಂತೆ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಒಪ್ಪಿಸುವ ರಗಳೆ ಇದಕ್ಕಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್‌ಗನ್ನಿಗೂ ಅನ್ವಯಿಸುತ್ತದೆ. ಸ್ಕೋಪ್ ಹಾಕಿದ ಮಾತ್ರಕ್ಕೆ ಮಂಗ, ಕೆಂಜಳಿಲು, ನವಿಲುಗಳ ಮೇಲೆ ಗುರಿಯಿಡುವ ಅಧಿಕಾರ ಯಾರಿಗೂ ಬರುವುದಿಲ್ಲ, ಕಾಗದದ ಗುರಿಯೇ ಅದಕ್ಕೆ ತಕ್ಕದ್ದು. ಮನೆಯ ಮಕ್ಕಳು ಒಲಿಂಪಿಕ್ಸ್ ಮಾದರಿಯ 10 ಮೀಟರ್ ಏರ್ ರೈಫಲ್ ಸ್ಪರ್ಧೆಯತ್ತ ಹೊರಟಿದ್ದರೆ ಸ್ಕೋಪಿಗೆ ಹಣ ಹಾಕುವುದೇ ಬೇಡ. ಆ ಸ್ಪರ್ಧೆಯಲ್ಲಿ ದೂರದರ್ಶಕ ಮಸೂರಗಳಿಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ರಂಧ್ರದ ಮೂಲಕ ನೋಡುವ ಪೀಪ್ ಸೈಟ್‌ನಿಂದ.

ಸ್ಕೋಪ್ ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ ಎಂದು. ಮೊದಲು ಕೇಳಬೇಕಾದದ್ದು ಇದು ಸ್ಪ್ರಿಂಗ್ ಏರ್‌ಗನ್ನಿನ ಒದೆತವನ್ನು ತಡೆಯುತ್ತದೆಯೇ ಎಂದು. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಬಂದೂಕಿನಲ್ಲಿ ಕುದುರೆ ಒತ್ತಿದ ಕ್ಷಣ ಪಿಸ್ಟನ್ ಮುಂದಕ್ಕೆ ಚಿಮ್ಮುವುದರಿಂದ ಬಂದೂಕು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ಥಟ್ಟನೆ ನಿಂತಾಗ ಅದೇ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆಯಾದ್ದರಿಂದ ಅದಕ್ಕೆಂದು ಮಾಡಿದ ಸ್ಕೋಪಿನಲ್ಲಿ ಮಸೂರಗಳನ್ನು ಆ ಒಂದು ದಿಕ್ಕಿನ ಹೊಡೆತಕ್ಕೆ ತಕ್ಕಂತೆ ಬಿಗಿದಿರುವುದುಂಟು. ಆದ್ದರಿಂದಲೇ ದೊಡ್ಡ ಕೋವಿಯ ಮೇಲೆ ವರ್ಷಗಟ್ಟಲೆ ಬಾಳಿದ ದುಬಾರಿ ಸ್ಕೋಪು ಸಾಧಾರಣ ಏರ್‌ಗನ್ನಿನ ಮೇಲೆ ಕೆಲವೇ ನೂರು ಹೊಡೆತಗಳಲ್ಲಿ ಸಡಿಲಾಗಬಹುದು. ಪೆಟ್ಟಿಗೆಯ ಮೇಲೆ ಏರ್‌ಗನ್ ಸ್ಪ್ರಿಂಗ್ ಪಿಸ್ಟನ್ನಿಗೆ ತಕ್ಕದ್ದೆಂದು ಸ್ಪಷ್ಟವಾಗಿ ಬರೆದಿರದ ಸ್ಕೋಪನ್ನು ಕೈಬಿಡುವುದು ಒಳ್ಳೆಯದು. ಗಾಳಿಯನ್ನು ಮೊದಲೇ ತುಂಬಿಟ್ಟ ಪಿಸಿಪಿ ಬಂದೂಕು ನಿಮ್ಮದಾಗಿದ್ದರೆ ಅದರಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಈ ಚಿಂತೆ ಬೇಕಿಲ್ಲ.

ಎರಡನೆಯದು ಪ್ಯಾರಲಾಕ್ಸ್. ಅಗ್ಗದ ಸ್ಕೋಪುಗಳ ದೋಷವೆಲ್ಲ ಹೆಚ್ಚಾಗಿ ಅಡಗಿರುವುದು ಇಲ್ಲಿಯೇ. ಕಣ್ಣನ್ನು ಸ್ವಲ್ಪ ಆಚೀಚೆ ಸರಿಸಿದರೆ, ಗುರಿ ಹಿಡಿಯಲೆಂದು ಸ್ಕೋಪಿನೊಳಗೆ ಕಾಣುವ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವುದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಪ್ರತಿಯೊಂದು ಸ್ಕೋಪನ್ನೂ ಒಂದು ನಿರ್ದಿಷ್ಟ ದೂರದಲ್ಲಿ ಈ ದೋಷ ಇರದಂತೆ ಹೊಂದಿಸಿರುತ್ತಾರೆ. ಕೋವಿಯ ಸ್ಕೋಪುಗಳಲ್ಲಿ ಅದು ಸಾಮಾನ್ಯವಾಗಿ 100 ಗಜ, ಅಂದರೆ 91 ಮೀಟರ್. ಅಂಥ ಸ್ಕೋಪಿನಿಂದ 20 ಮೀಟರ್ ದೂರದ ಗುರಿಯನ್ನು ನೋಡಿದರೆ, ಮುಂದಿನ ಮಸೂರ 32 ಮಿ.ಮೀ. ಇದ್ದಾಗ, ಕಣ್ಣು ತೀರ ಅಂಚಿಗೆ ಸರಿದ ಪಕ್ಷದಲ್ಲಿ ಸುಮಾರು 12 ಮಿ.ಮೀ.ವರೆಗೆ ತಪ್ಪಾಗಬಹುದು, 40 ಮಿ.ಮೀ. ಮಸೂರವಾದರೆ ಈ ತಪ್ಪು 15 ಮಿ.ಮೀ. ದಾಟುತ್ತದೆ. 10 ಮೀಟರ್ ಸ್ಪರ್ಧೆಯ ಗುರಿಯಲ್ಲಿ ನಡುವಿನ ಕಪ್ಪು ವೃತ್ತದ ವ್ಯಾಸವೇ 30.5 ಮಿ.ಮೀ. ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ತಪ್ಪೆಂಬುದು ತಿಳಿಯುತ್ತದೆ. ಹೊಡೆದವನು ತನ್ನ ಕೈ ನಡುಗಿತೆಂದೋ ಪೆಲೆಟ್, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ಸರಿಯಿಲ್ಲವೆಂದೋ ಭಾವಿಸಿ ಸುಮ್ಮನಾಗುತ್ತಾನೆ.

ಇದಕ್ಕೆ ಸರಿಯಾದ ಪರಿಹಾರವೆಂದರೆ ಮುಂದಿನ ಮಸೂರದ ಸುತ್ತ ತಿರುಗಿಸುವ ಬಳೆಯಿರುವ, 'ಎಒ' ಎಂದು ಗುರುತು ಹಾಕಿದ ಸ್ಕೋಪು. ಆ ಬಳೆಯ ಮೇಲಿನ ಅಂಕಿ 10 ಗಜದವರೆಗೆ ಇಳಿಯುತ್ತದೆಯೇ ಎಂಬುದನ್ನು ನೋಡಿಯೇ ಹಣ ಕೊಡಬೇಕು, ಏಕೆಂದರೆ 50 ಗಜಕ್ಕೇ ನಿಲ್ಲುವಂಥವೂ ಇವೆ. ಅಷ್ಟು ಹಣ ಹೊಂದದಿದ್ದರೆ ಏರ್‌ಗನ್ನಿಗೆಂದೇ ಹತ್ತಿರದ ದೂರಕ್ಕೆ ಹೊಂದಿಸಿದ 4 ಪಟ್ಟಿನ ಸಾದಾ ಸ್ಕೋಪು ಸಾಕು. ಸಾದಾ ಸ್ಕೋಪಿನ ಮುಂದಿನ ಉಂಗುರವನ್ನು ಬಿಚ್ಚಿ ಮಸೂರವನ್ನು ತಿರುಗಿಸಿ ದೂರ ಬದಲಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಉಪಾಯವೇನೋ ಸುಳ್ಳಲ್ಲ, ಆದರೆ ಹಾಗೆ ಬಿಚ್ಚಿದಾಗ ಒಳಗೆ ತುಂಬಿದ ಒಣ ಸಾರಜನಕ ಹೊರಟುಹೋಗುತ್ತದೆ, ಮತ್ತು ನಮ್ಮ ಜಿಲ್ಲೆಯ ಆಷಾಢದ ಹವೆ ಅದರ ಜಾಗಕ್ಕೆ ಬಂದು ಕೂರುತ್ತದೆ.

ಇನ್ನು ಅಂಕಿಗಳು. 4×32 ಎಂದರೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, 32 ಮಿ.ಮೀ. ವ್ಯಾಸದ ಮುಂದಿನ ಮಸೂರದ ಸ್ಕೋಪು. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಿಸಬಹುದಾದದ್ದು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. 4×32ರಲ್ಲಿ ಅದು 8 ಮಿ.ಮೀ., 9 ಪಟ್ಟಿನ 40ರಲ್ಲಿ 4.4 ಮಿ.ಮೀ. ಮಾತ್ರ. ತೋಟದ ನೆರಳಿನಲ್ಲಿಯೋ ಮೋಡ ಕವಿದ ಸಂಜೆಯಲ್ಲಿಯೋ ಕಡಿಮೆ ಪಟ್ಟಿನ ಸ್ಕೋಪು ಹೆಚ್ಚು ತಿಳಿಯಾಗಿ ಕಾಣಿಸುವುದಕ್ಕೆ ಇದೇ ಕಾರಣ. 30 ಮೀಟರಿನೊಳಗಿನ ಗುರಿಗೆ 4ರಿಂದ 6 ಪಟ್ಟು ಧಾರಾಳವಾಗಿ ಸಾಲುತ್ತದೆ. ಒಂದೇ ಬೆಲೆಗೆ ಒಂದು ಕಡೆ 4 ಪಟ್ಟಿನ ಸ್ಕೋಪು, ಇನ್ನೊಂದು ಕಡೆ 6-24 ಪಟ್ಟಿನದು ಸಿಗುತ್ತಿದ್ದರೆ ನಾನು ಯೋಚಿಸದೆ ಮೊದಲನೆಯದನ್ನು ಆರಿಸುತ್ತೇನೆ. ಅಷ್ಟೇ ಹಣದಲ್ಲಿ ಹೆಚ್ಚು ಮಸೂರಗಳನ್ನು ತುಂಬಿದವರು ಎಲ್ಲಿಯೋ ಒಂದು ಕಡೆ ಉಳಿಸಿರಲೇಬೇಕು. ಬಂದೂಕಿನ ಜೊತೆ ಉಚಿತವೆಂದು ಕೊಡುವ ಸಪೂರ ಕೊಳವೆಯ 4×20 ಸ್ಕೋಪು ಮಕ್ಕಳ ಆಟಕ್ಕಷ್ಟೇ. ಕೆಂಪು, ಹಸಿರು ಬಣ್ಣದ ದೀಪ ಹೊತ್ತುವ ಗೆರೆಗಳಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಗೆರೆಯ ಮೇಲೆ ಚುಕ್ಕೆಗಳಿರುವ ಮಿಲ್-ಡಾಟ್ ಸಿಕ್ಕರೆ ಮಾತ್ರ ಬೇರೆ ಬೇರೆ ದೂರಗಳಿಗೆ ಗುರಿ ಏರಿಸಿ ಹಿಡಿಯಲು ಅನುಕೂಲ.

ಸ್ಕೋಪಿನಷ್ಟೇ ಗಮನ ಅದನ್ನು ಬಂದೂಕಿಗೆ ಬಿಗಿದು ಹಿಡಿಯುವ ಮೌಂಟಿಗೂ ಬೇಕು. ಹೆಚ್ಚಿನ ಏರ್‌ಗನ್ನುಗಳ ಮೇಲ್ಭಾಗದಲ್ಲಿ 11 ಮಿ.ಮೀ. ಅಗಲದ ಡವ್‌ಟೇಲ್ ತೋಡು ಇರುತ್ತದೆ. ಕೆಲವಕ್ಕೆ ಅಗಲವಾದ ವೀವರ್ ಅಥವಾ ಪಿಕಟಿನಿ ಪಟ್ಟಿ ಇರುತ್ತದೆ. ಅಗ್ಗದ ಕೆಲವು ಬಂದೂಕುಗಳಲ್ಲಿ ಎರಡೂ ಇರುವುದಿಲ್ಲ, ಅವಕ್ಕೆ ಸ್ಕೋಪು ತರುವ ಮಾತೇ ಬೇಡ. ಹಾಗೆಯೇ ಸ್ಕೋಪಿನ ಕೊಳವೆ 25.4 ಮಿ.ಮೀ. ಆಗಿದ್ದರೆ ಉಂಗುರವೂ ಅದೇ ಅಳತೆಯದಾಗಿರಬೇಕು, 30 ಮಿ.ಮೀ. ಉಂಗುರಕ್ಕೆ ರಬ್ಬರ್ ಸುತ್ತಿ ಸರಿಮಾಡುವುದು ಕೆಲಸದ ಮಾತಲ್ಲ. ಒದೆತಕ್ಕೆ ಮೌಂಟು ಇಂಚಿಂಚಾಗಿ ಹಿಂದೆ ಜಾರದಂತೆ ತಡೆಯುವ ಸಣ್ಣ ಮೊಳೆಯನ್ನು ಸ್ಟಾಪ್ ಪಿನ್ ಎನ್ನುತ್ತಾರೆ. ಅದು ಇರುವ, ಒಂದೇ ತುಂಡಿನ ಮೌಂಟು ಸ್ಪ್ರಿಂಗ್ ಬಂದೂಕಿಗೆ ಒಳ್ಳೆಯದು. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಸಾದಾ ಉಕ್ಕಿನ ತಿರುಪುಗಳು ಬೇಗ ತುಕ್ಕು ಹಿಡಿದು ಅಲ್ಯೂಮಿನಿಯಂ ಮೌಂಟಿನಲ್ಲಿ ಕಚ್ಚಿಕೊಳ್ಳುತ್ತವೆಯಾದ್ದರಿಂದ ಕರಾವಳಿಯವರು ಜೋಡಿಸುವಾಗಲೇ ಒಂದು ಹನಿ ಎಣ್ಣೆ ಸವರಿಡಬೇಕು.

ಘಟ್ಟದ ಮೇಲಿನವರಿಗೆ ಶತ್ರು ಬೂಸ್ಟು. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಯೋ ಬಟ್ಟೆಯಲ್ಲಿಯೋ ಸುತ್ತಿಟ್ಟ ಮಸೂರದ ಮೇಲೆ ಜೇಡರಬಲೆಯಂತೆ ಬೂಸ್ಟು ಹಬ್ಬಿದರೆ ಕಡಿಮೆ ಬೆಲೆಯ ಸ್ಕೋಪನ್ನು ಬಿಚ್ಚಿ ಶುಚಿ ಮಾಡಿಸುವುದು ಲಾಭದ ಕೆಲಸವಲ್ಲ. ವಾಟರ್‌ಪ್ರೂಫ್, ಫಾಗ್‌ಪ್ರೂಫ್, ಸಾರಜನಕ ತುಂಬಿದ್ದು ಎಂಬ ಮೂರನ್ನೂ ನೋಡಿ ಕೊಳ್ಳುವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು, ಮತ್ತು ಪಂಚೆಯ ತುದಿಯಿಂದ ಮಸೂರ ಒರೆಸುವ ಅಭ್ಯಾಸವನ್ನು ಬಿಡುವುದು, ಇಷ್ಟನ್ನು ಪಾಲಿಸಿದರೆ ಅದು ಹಲವು ಮಳೆಗಾಲ ಬಾಳುತ್ತದೆ.

ಹುಬ್ಬಳ್ಳಿಗೆ ಹೋಗಿ ಅಂಗಡಿಯಲ್ಲಿ ಕೊಳ್ಳುವುದಾದರೆ ಸ್ಕೋಪನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ, ಒಳಗೆ ಸದ್ದಾದರೆ ಅದು ಬೇಡ. ಮೇಜಿನ ಮೇಲೆ ಅಲ್ಲಾಡದಂತೆ ಇಟ್ಟು ಹದಿನೈದು, ಇಪ್ಪತ್ತು ಮೀಟರ್ ದೂರದ ನಾಮಫಲಕದ ಒಂದು ಅಕ್ಷರದ ಮೇಲೆ ಗೆರೆ ನಿಲ್ಲಿಸಿ, ಕಣ್ಣನ್ನು ಆಚೀಚೆ ಸರಿಸಿ ನೋಡಿ. ಎಒ ಬಳೆಯನ್ನು ಆ ದೂರಕ್ಕೆ ತಿರುಗಿಸಿದ ಮೇಲೂ ಗೆರೆ ಓಡಾಡುತ್ತಿದ್ದರೆ ಅದನ್ನೂ ಬಿಡಿ. ಕಣ್ಣಿನಿಂದ 8 ಸೆಂ.ಮೀ. ಆಸುಪಾಸಿನಲ್ಲಿ ಪೂರ್ತಿ ಚಿತ್ರ ಕಾಣಬೇಕು. ಕೊರಿಯರ್‌ನಲ್ಲಿ ತರಿಸುವವರು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಗಳನ್ನು ಮುಗಿಸಬೇಕು.

ಜೋಡಿಸಿದ ಮೇಲೆ ಗುರಿ ಹೊಂದಿಸುವ ಕೆಲಸ. ಗುರಿಯ ಹಿಂದೆ ಮಣ್ಣಿನ ಧರೆಯೋ ಮರಳಿನ ಚೀಲವೋ ಇರಲಿ. ಚಿರೇಕಲ್ಲಿನ ಗೋಡೆಗೆ ಬಡಿದ ಪೆಲೆಟ್ ಹಿಂದಕ್ಕೆ ಹಾರುತ್ತದೆ. ಗುರಿ ಹೊಂದಿಸುವ ತಿರುಪನ್ನು ತಿರುಗಿಸಿದಾಗ ಕ್ಲಿಕ್ ಕ್ಲಿಕ್ ಎನ್ನುತ್ತದೆ. ಹೆಚ್ಚಿನ ಸ್ಕೋಪುಗಳಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಪಾಲು), ಅಂದರೆ 100 ಮೀಟರಿಗೆ ಸುಮಾರು 7 ಮಿ.ಮೀ., 20 ಮೀಟರಿಗೆ ಒಂದೂವರೆ ಮಿ.ಮೀ. ಹೀಗಾಗಿ 20 ಮೀಟರಿನಲ್ಲಿ ಗುಂಡು 3 ಸೆಂ.ಮೀ. ಕೆಳಗೆ ಬಿದ್ದರೆ 20 ಕ್ಲಿಕ್ ಮೇಲಕ್ಕೆ ತಿರುಗಿಸಬೇಕು. ಅಷ್ಟೇ ಕ್ಲಿಕ್ ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಕೆಳಕ್ಕೆ ತಿರುಗಿಸುತ್ತ ಹೊಡೆದಾಗ ಕೊನೆಯ ಗುಂಡು ಮೊದಲಿನ ಜಾಗಕ್ಕೇ ಮರಳಿದರೆ ಒಳಗಿನ ಯಂತ್ರ ಸರಿಯಾಗಿದೆಯೆಂದು ತಿಳಿಯಬಹುದು. ಸ್ಕೋಪು ನಳಿಗೆಗಿಂತ 4.5 ಸೆಂ.ಮೀ. ಮೇಲಿದ್ದು, ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋಗುತ್ತದೆಂದು ಲೆಕ್ಕ ಹಾಕಿದರೆ, 20 ಮೀಟರಿಗೆ ಹೊಂದಿಸಿದ ಬಂದೂಕು 10 ಮೀಟರಿನಲ್ಲಿ ಸುಮಾರು 1 ಸೆಂ.ಮೀ. ಕೆಳಗೆ, 30 ಮೀಟರಿನಲ್ಲಿ ಗಾಳಿಯ ತಡೆಯಿಂದಾಗಿ ಇನ್ನೂ ಸ್ವಲ್ಪ ಹೆಚ್ಚು ಕೆಳಗೆ ಹೊಡೆಯುತ್ತದೆ. ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಸ್ಕೋಪನ್ನು ಬೈಯಬೇಡಿ; ಮಡಚುವ ನಳಿಗೆ ತುಸು ಕೆಳಕ್ಕೆ ಬಾಗಿರುವುದು ಸಾಮಾನ್ಯ. ಹಿಂದಿನ ಉಂಗುರದ ಕೆಳಗೆ ಹಳೆಯ ಫೋಟೋ ಫಿಲ್ಮಿನ ಒಂದೆರಡು ತುಂಡುಗಳನ್ನು ಇಟ್ಟು, ತಿರುಪನ್ನು ನಡುಮಧ್ಯಕ್ಕೆ ತಂದು, ಹೊಸದಾಗಿ ಹೊಂದಿಸಲು ಆರಂಭಿಸಿ.